ಅಕ್ಕಿ ಸಿಗದಾಗ ಬಂದ ಇಡ್ಲಿ

ಎರಡನೇ ಮಹಾಯುದ್ಧದ ಕಾಲ. ಬರ್ಮಾ ಜಪಾನೀಯರ ವಶವಾಗಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಇಡ್ಲಿ-ದೋಸೆಯನ್ನೇ ನಂಬಿದ ಹೋಟೆಲಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ? ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ, ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲಿನವರು ಆಗ ಇಡ್ಲಿ ತಟ್ಟೆಗೆ ರವೆ ಹಾಕಿದರು.

ಅಕ್ಕಿ ಇಡ್ಲಿಗೆ ಉದ್ದು ನೆನೆಯಬೇಕು, ರುಬ್ಬಬೇಕು, ಹಿಟ್ಟು ರಾತ್ರಿಯಿಡೀ ಹುದುಗಬೇಕು. ರವೆ ಇಡ್ಲಿಗೆ ಅದೊಂದೂ ಬೇಡ. ಸಾಸಿವೆ, ಗೋಡಂಬಿಯ ತುಪ್ಪದೊಗ್ಗರಣೆಯಲ್ಲಿ ರವೆ ಹುರಿದು, ಮೊಸರು ಬೆರೆಸಿ, ಚಿಟಿಕೆ ಸೋಡಾ ಹಾಕಿದರೆ ಮೊಸರಿನ ಹುಳಿಗೆ ಸೋಡಾ ನೊರೆಯೇಳುತ್ತದೆ. ಹಬೆಯಲ್ಲಿಟ್ಟರೆ ಇಡ್ಲಿ ಉಬ್ಬುತ್ತದೆ. ಅಕ್ಕಿ ಮತ್ತೆ ಸಿಕ್ಕಮೇಲೂ ರವೆ ಇಡ್ಲಿ ಉಳಿದುಕೊಂಡಿತು.

ಹೊಸತನವೆಂದರೆ ದುಬಾರಿ ಯಂತ್ರವೆಂದು ಹೆದರುವ ಸಣ್ಣ ಉದ್ಯಮಿಗಳು ಇದನ್ನು ಗಮನಿಸಬೇಕು: ಒಲೆ, ಪಾತ್ರೆ, ಅಡುಗೆಭಟ್ಟರು ಎಲ್ಲ ಹಳೆಯವೇ.

ತುರ್ತು ಪರಿಸ್ಥಿತಿಯಲ್ಲಿ ಎರಡನೇ ಪೆಟ್ಟು ಬಿತ್ತು. ಸರ್ಕಾರ ತಿಂಡಿಗಳ ಬೆಲೆ ಇಳಿಸಿ ನಿಗದಿ ಮಾಡಿತು. ಆ ಬೆಲೆಗೆ ತುಪ್ಪ ಕಡಿಮೆ ಮಾಡಿ ಮಾರಲು ಮಯ್ಯರು ಒಪ್ಪದೆ ಹೋಟೆಲು ಮುಚ್ಚಿದರು. ಪಕ್ಕದಲ್ಲೇ ಅಂಗಡಿ ತೆರೆದು ಮಸಾಲೆಪುಡಿ, ರವೆ ಇಡ್ಲಿ ಮಿಕ್ಸ್ ಮಾರತೊಡಗಿದರು. ಹುದುಗಬೇಕಿಲ್ಲದ ತಿಂಡಿ ಪೊಟ್ಟಣಕ್ಕೆ ಹೇಳಿಮಾಡಿಸಿದಂತಿತ್ತು. ಹೋಟೆಲು ಆಮೇಲೆ ಮತ್ತೆ ತೆರೆಯಿತು, ಪೊಟ್ಟಣದ ವ್ಯಾಪಾರ ಬೇರೆಯೇ ಕಂಪನಿಯಾಗಿ ಬೆಳೆಯಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ಆ ಕಂಪನಿಯನ್ನು ಕೊಂಡಿತು. ಹೋಟೆಲು ಮಯ್ಯ ಕುಟುಂಬದಲ್ಲೇ ಉಳಿಯಿತು.

ನಡುವೆ ಇನ್ನೊಂದು ಹೆಜ್ಜೆಯಿದೆ. ಸೈನಿಕರಿಗೆಂದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ರೂಪಿಸಿದ್ದ ರಿಟಾರ್ಟ್ ವಿಧಾನವನ್ನು ಎಂ.ಟಿ.ಆರ್. ಸಿದ್ಧ ಊಟಕ್ಕೆ ಬಳಸಿಕೊಂಡಿತು. ಪದರದ ಚೀಲದಲ್ಲಿ ಮುಚ್ಚಿದ ಪಲ್ಯವನ್ನು ಒತ್ತಡದಲ್ಲಿ ಸುಮಾರು 120 ಡಿಗ್ರಿಗೆ ಕಾಯಿಸಿದರೆ ಫ್ರಿಜ್ಜೂ ಬೇಡ, ಸಂರಕ್ಷಕವೂ ಬೇಡ, ತಿಂಗಳುಗಟ್ಟಲೆ ಕೆಡದು.

ಇಂಥ ಪ್ರಯೋಗಾಲಯ ಕಟ್ಟುವ ಶಕ್ತಿ ಸಣ್ಣ ಉದ್ಯಮಕ್ಕೆ ಎಲ್ಲಿಂದ ಬರಬೇಕು? ಜನರ ತೆರಿಗೆಯಲ್ಲಿ ಕಟ್ಟಿದ್ದು ಇದ್ದೇ ಇದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ದಾರಿಯನ್ನು ಅಮೂಲ್‌ಗೆ ತೋರಿಸಿದ್ದು 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ). ತಾನು ರೂಪಿಸಿದ ವಿಧಾನಗಳನ್ನು ಶುಲ್ಕ ಪಡೆದು ಸಣ್ಣ ತಯಾರಕರಿಗೂ ಅದು ಕೊಡುತ್ತದೆ, ತರಬೇತಿಯನ್ನೂ ನಡೆಸುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಎಷ್ಟೋ ಮನೆಗಳಲ್ಲಿ ರುಚಿಗೆ ಕೊರತೆಯಿಲ್ಲ. ಸರಕು ದೂರದೂರಿನ ಅಂಗಡಿ ಸೇರುವ ಹೊತ್ತಿಗೆ ಕಮಟು ಹಿಡಿಯುವುದೇ ತೊಂದರೆ. ಅವರಿಗೆ ಮೈಸೂರಿನ ಆ ವಿಳಾಸವನ್ನು ಜಿಲ್ಲಾ ಕೈಗಾರಿಕಾ ಕೇಂದ್ರಗಳು ಸಾಲದ ಅರ್ಜಿಯ ಜೊತೆಯಲ್ಲೇ ಕೊಡಬೇಕು.