ಮಣಿಕಟ್ಟಿನ ಪಾಠ

ಕಮರ್ಷಿಯಲ್ ಸ್ಟ್ರೀಟನ್ನು ಬಟ್ಟೆಯ ಬೀದಿ ಎನ್ನುವವರುಂಟು, ಚಿನ್ನದ ಬೀದಿ ಎನ್ನುವವರೂ ಉಂಟು. ಅದನ್ನು ಮುಂಗೈಯ ಬೀದಿ ಎಂದು ಕರೆದರೂ ತಪ್ಪಾಗದು. ಬಳೆ, ಕಡಗ, ಕೈಗಡಿಯಾರ ಮೊದಲಾಗಿ ಮುಂಗೈಗೆ ತೊಡಿಸುವ ಸಾಮಗ್ರಿಗಳೆಲ್ಲ ಅಲ್ಲಿ ಗಾಜಿನ ಹಿಂದೆ ಸಾಲಾಗಿ ಕುಳಿತಿರುತ್ತವೆ. ಸಂಸ್ಕೃತದಲ್ಲಿ ಈ ಅಂಗಕ್ಕೆ ಮಣಿಬಂಧವೆಂದು ಹೆಸರು, ಕನ್ನಡದಲ್ಲಿ ಮಣಿಕಟ್ಟು. ಮಣಿಯನ್ನು ಕಟ್ಟುವ ಜಾಗವೆಂಬುದು ಪದದ ಅರ್ಥ. ಆದರೆ ಕನ್ನಡದ ಕಿವಿಗೆ 'ಮಣಿ' ಎಂಬುದು ರತ್ನವನ್ನೂ ಸೂಚಿಸುತ್ತದೆ, ಬಾಗುವ ಕ್ರಿಯೆಯನ್ನೂ ಸೂಚಿಸುತ್ತದೆ. ಮಣಿಕಟ್ಟು ಯಾವಾಗ ಮಣಿಯಬೇಕು, ಯಾವಾಗ ಮಣಿಯಬಾರದು ಎಂಬುದೇ ಗಾಲ್ಫ್ ಆಟವನ್ನು ಕಲಿಯಹೊರಟವನ ಮೊದಲ ಸಮಸ್ಯೆ. ಅನೇಕರಿಗೆ ಕೊನೆಯವರೆಗೂ ಉಳಿಯುವ ಸಮಸ್ಯೆ. ಇಂದಿನ ನನ್ನ ಮಾತು ಅದನ್ನು ಕುರಿತದ್ದು.

ಈ ಆಟಕ್ಕೂ ನಮ್ಮ ದಂಡು ಪ್ರದೇಶಕ್ಕೂ ಹಳೆಯ ನಂಟು. 1809ರಲ್ಲಿ ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದ ಬ್ರಿಟಿಷ್ ದಂಡು ತನ್ನೊಡನೆ ಕವಾಯತು, ಇಗರ್ಜಿ, ಅಂಗಡಿಬೀದಿಗಳನ್ನು ತಂದಂತೆಯೇ ಆಟಗಳನ್ನೂ ತಂದಿತು. 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ ಬ್ರಿಟನ್ನಿನ ಹೊರಗಿನ ಅತಿ ಹಳೆಯ ಗಾಲ್ಫ್ ಕ್ಲಬ್ಬುಗಳಲ್ಲಿ ಒಂದು. ಅದರ ಹಸುರು ಹೈಗ್ರೌಂಡ್ಸಿನಲ್ಲಿ, ನಗರದ ನಡುಮಧ್ಯದಲ್ಲಿದೆ. ಬೇಲಿಯ ಹೊರಗೆ ನಡೆದುಹೋಗುವ ನಮ್ಮಂಥವರಿಗೆ ಕಾಣುವುದು ಇಷ್ಟೇ: ಒಬ್ಬರು ಕೋಲನ್ನು ಹಿಂದಕ್ಕೆತ್ತುತ್ತಾರೆ, ಬೀಸುತ್ತಾರೆ, ಚೆಂಡು ಎಲ್ಲಿಗೋ ಹೋಗುತ್ತದೆ. ಇದರಲ್ಲಿ ಕಲಿಯುವುದಕ್ಕೇನಿದೆ, ನಿಂತ ಚೆಂಡನ್ನು ಹೊಡೆಯುವುದು ಯಾವ ದೊಡ್ಡ ವಿದ್ಯೆ ಎಂದು ನಗುವವರೂ ಉಂಟು. ಕೋಲು ಒಮ್ಮೆ ಕೈಗೆ ಬಂದರೆ ಆ ನಗು ಉಳಿಯುವುದಿಲ್ಲ.

ಮೊದಲು ಮಣಿಕಟ್ಟಿನ ರಚನೆಯನ್ನು ನೋಡೋಣ. ಎಂಟು ಪುಟ್ಟ ಮೂಳೆಗಳು ಎರಡು ಸಾಲಾಗಿ ಕೂಡಿ ಆದ ಕೀಲು ಇದು. ಇದಕ್ಕೆ ಎರಡು ಬಗೆಯ ಚಲನೆಗಳು ಸಹಜ. ಒಂದು, ಹಸ್ತವನ್ನು ಹೆಬ್ಬೆರಳಿನ ಕಡೆಗೆ ಮೇಲೆತ್ತುವುದು, ಕಿರುಬೆರಳಿನ ಕಡೆಗೆ ಕೆಳಗಿಳಿಸುವುದು. ಸುತ್ತಿಗೆಯಿಂದ ಮೊಳೆ ಹೊಡೆಯುವವನ ಕೈಯಲ್ಲಿ ಕಾಣುವುದು ಇದೇ. ಎರಡನೆಯದು, ಹಸ್ತವನ್ನು ಹಿಂದಕ್ಕೆ ಬಾಗಿಸುವುದು, ಅಂಗೈಯ ಕಡೆಗೆ ಮಡಿಸುವುದು. ಬೀಗದಲ್ಲಿ ಕೀಲಿಕೈ ತಿರುಗಿಸುವಾಗ ಆಗುವ ಮೂರನೆಯ ಚಲನೆಯೊಂದುಂಟು. ಅದು ಮಣಿಕಟ್ಟಿನದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಮೊಣಕೈಗೂ ಮಣಿಕಟ್ಟಿಗೂ ನಡುವೆ ಇರುವ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುವುದರಿಂದ ಆಗುವಂಥದು. ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸದವನಿಗೆ ಯಾವ ಗುರು ಏನು ಹೇಳಿದರೂ ಗೊಂದಲವೇ ಗತಿ. 'ಮಣಿಕಟ್ಟನ್ನು ಬಳಸು' ಎಂಬ ಒಂದೇ ಉಪದೇಶಕ್ಕೆ ಅವನ ಕೈ ಮೂರು ಅರ್ಥ ಮಾಡಿಕೊಂಡೀತು.

ಬಲಗೈ ಆಟಗಾರನನ್ನೇ ಉದಾಹರಣೆಯಾಗಿಟ್ಟುಕೊಳ್ಳೋಣ. ಅವನ ಎಡಗೈ ದಾರಿ ತೋರಿಸುವ ಕೈ. ಕೋಲಿನ ಹಿಡಿಯನ್ನು ಅಂಗೈಯ ನಡುವಿನಲ್ಲಿ ಇಡದೆ ಬೆರಳುಗಳ ಬುಡದಲ್ಲಿ ಕೂರಿಸಬೇಕು. ಅಂಗೈಯಲ್ಲಿ ಹಿಡಿದರೆ ಮಣಿಕಟ್ಟು ಸೆಟೆದುಕೊಳ್ಳುತ್ತದೆ. ಬೆರಳಿನಲ್ಲಿ ಹಿಡಿದರೆ ಸಡಿಲವಾಗಿ ಮೇಲೇಳುತ್ತದೆ. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳಿನ ಮೇಲೆ ಒರಗಿಸಿ ಎರಡು ಕೈಗಳನ್ನೂ ಒಂದಾಗಿಸುವ ಕ್ರಮ ಇಂದು ಪ್ರಸಿದ್ಧವಾಗಿದೆ. 1896ರಿಂದ 1914ರವರೆಗಿನ ಅವಧಿಯಲ್ಲಿ ಬ್ರಿಟಿಷ್ ಓಪನ್ ಪಂದ್ಯವನ್ನು ಆರು ಸಲ ಗೆದ್ದ ಹ್ಯಾರಿ ವಾರ್ಡನ್ ಇದನ್ನು ಜನಪ್ರಿಯಗೊಳಿಸಿದ್ದರಿಂದ ಅದಕ್ಕೆ ಆತನದೇ ಹೆಸರು ನಿಂತಿದೆ. ಇನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬ ಪ್ರಶ್ನೆ. ಗಾಜಿನ ಬಳೆ ತೊಡಿಸುವವರು 'ಕೈ ಸಡಿಲ ಬಿಡಿ ಅಮ್ಮಾ' ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಬಿಗಿದ ಕೈಗೆ ಬಳೆ ಏರುವುದಿಲ್ಲ, ಏರಿಸಹೋದರೆ ಒಡೆಯುತ್ತದೆ. ಗಾಲ್ಫ್ ಗುರುಗಳು ಹೇಳುವುದೂ ಅದನ್ನೇ. ಕೋಲು ಜಾರಿಹೋಗದಷ್ಟು ಹಿಡಿತವಿದ್ದರೆ ಸಾಕು. ಅದಕ್ಕಿಂತ ಹೆಚ್ಚಿನದೆಲ್ಲ ಭಯದ ಹಿಡಿತ.

ಕೋಲು ಹಿಂದಕ್ಕೆ ಹೋಗಿ ಭುಜದ ಮೇಲಕ್ಕೆ ಏರಿದಾಗ ಎಡ ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಎತ್ತಿಕೊಂಡಿರುತ್ತದೆ. ತೋಳಿಗೂ ಕೋಲಿಗೂ ನಡುವೆ ಹೆಚ್ಚುಕಡಿಮೆ ಲಂಬಕೋನ ಏರ್ಪಡುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ. ಆ ಗಳಿಗೆಯಲ್ಲಿ ಎಡ ಹಸ್ತದ ಬೆನ್ನು ಮುಂಗೈಯೊಡನೆ ಸಮತಟ್ಟಾಗಿದ್ದರೆ ಕೋಲಿನ ಮುಖ ನೇರವಾಗಿರುತ್ತದೆ. ಹಸ್ತ ಹಿಂದಕ್ಕೆ ಬಾಗಿ ಬಟ್ಟಲಿನಂತಾದರೆ ಕೋಲಿನ ಮುಖ ತೆರೆದುಕೊಂಡು, ಚೆಂಡು ಬಲಕ್ಕೆ ಸೊಟ್ಟಗೆ ಹೋಗುವ ಸಂಭವ ಹೆಚ್ಚು. ಅಂಗೈಯ ಕಡೆಗೆ ಮಡಿದರೆ ಮುಖ ಮುಚ್ಚಿಕೊಂಡು ಚೆಂಡು ಎಡಕ್ಕೆ ತಿರುಗುತ್ತದೆ. ಹಾಗೆಂದು ಇದನ್ನು ಶಿಲಾಶಾಸನವೆಂದು ತಿಳಿಯಬೇಕಾಗಿಲ್ಲ. ಒಂಬತ್ತು ಪ್ರಮುಖ ಪ್ರಶಸ್ತಿಗಳನ್ನು ಗೆದ್ದ ಅಮೆರಿಕದ ಬೆನ್ ಹೋಗನ್ ತುದಿಯಲ್ಲಿ ಮಣಿಕಟ್ಟನ್ನು ತುಸು ಬಟ್ಟಲಾಗಿಸುತ್ತಿದ್ದ. 2016ರ ಯು.ಎಸ್. ಓಪನ್ ಗೆದ್ದ ಡಸ್ಟಿನ್ ಜಾನ್ಸನ್ ಅದಕ್ಕೆ ತದ್ವಿರುದ್ಧವಾಗಿ ಬಿಲ್ಲಿನಂತೆ ಮಡಿಸುತ್ತಾನೆ. ಮೇಲಿನ ಸ್ಥಿತಿಯಲ್ಲಿ ಒಬ್ಬೊಬ್ಬರದು ಒಂದೊಂದು ಬಗೆ. ಆದರೆ ಚೆಂಡಿಗೆ ಕೋಲು ತಾಗುವ ಕ್ಷಣದಲ್ಲಿ ಈ ಮಹನೀಯರೆಲ್ಲ ಒಂದಾಗುತ್ತಾರೆ: ಎಡ ಮಣಿಕಟ್ಟು ಸಮತಟ್ಟಾಗಿ, ಇಲ್ಲವೆ ಗುರಿಯತ್ತ ಕೊಂಚ ಉಬ್ಬಿ ನಿಂತಿರುತ್ತದೆ, ಬಲ ಮಣಿಕಟ್ಟು ಇನ್ನೂ ಹಿಂದಕ್ಕೆ ಬಾಗಿಯೇ ಇರುತ್ತದೆ. ಹೋಗನ್ 1957ರಲ್ಲಿ ಪ್ರಕಟಿಸಿದ ತನ್ನ ಪಾಠಗಳ ಪುಸ್ತಕದಲ್ಲಿ ಒತ್ತಿ ಹೇಳಿದ ವಿಚಾರಗಳಲ್ಲಿ ಇದೂ ಒಂದು.

ಹೊಸಬನ ಮಣಿಕಟ್ಟು ಮುರಿದುಬೀಳುವುದು ಸರಿಯಾಗಿ ಈ ಕ್ಷಣದಲ್ಲೇ. ಅದಕ್ಕೆ ಕಾರಣ ಅವನ ಶಕ್ತಿಹೀನತೆಯಲ್ಲ, ಅವನ ಸದುದ್ದೇಶ. ನೆಲದ ಮೇಲೆ ಬಿದ್ದಿರುವ ಚೆಂಡನ್ನು ಗಾಳಿಗೆ ಏರಿಸಬೇಕೆಂದು ಅವನಿಗೆ ಆಸೆ. ಆದ್ದರಿಂದ ಕೊನೆಯ ಗಳಿಗೆಯಲ್ಲಿ ಸೌಟಿನಿಂದ ಸಾರು ಮೊಗೆಯುವವನಂತೆ ಬಲಗೈಯಿಂದ ಎತ್ತಿಕೊಡಲು ಹೋಗುತ್ತಾನೆ. ಎಡ ಮಣಿಕಟ್ಟು ಹಿಂದಕ್ಕೆ ಮಣಿಯುತ್ತದೆ; ಕೋಲು ಒಮ್ಮೆ ಮಣ್ಣನ್ನು ಅಗೆಯುತ್ತದೆ, ಇನ್ನೊಮ್ಮೆ ಚೆಂಡಿನ ನೆತ್ತಿಯನ್ನು ಸವರುತ್ತದೆ. ಅವನು ಮರೆತ ಸಂಗತಿ ಒಂದೇ: ಚೆಂಡನ್ನು ಮೇಲೇರಿಸುವ ಇಳಿಜಾರನ್ನು ಕಮ್ಮಾರನೇ ಕೋಲಿನ ಮುಖದಲ್ಲಿ ಇಟ್ಟು ಕಳಿಸಿದ್ದಾನೆ. ಉಪಕರಣ ಮಾಡಬೇಕಾದ ಕೆಲಸವನ್ನು ಉಪಕರಣಕ್ಕೇ ಬಿಡದೆ ತಾನೇ ಮಾಡಹೊರಡುವುದು ಮನುಷ್ಯಸ್ವಭಾವ. ಚೆಂಡಿನ ಗರಿಷ್ಠ ತೂಕ 45.93 ಗ್ರಾಂ, ಕೋಲಿಗೂ ಅದಕ್ಕೂ ಸಂಪರ್ಕವಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ. ಅಷ್ಟು ಅಲ್ಪಕಾಲದಲ್ಲಿ ಯಾವ ತಿದ್ದುಪಡಿಯೂ ಸಾಧ್ಯವಿಲ್ಲ. ಮಣಿಕಟ್ಟು ಆ ವೇಳೆಗೆ ಎಲ್ಲಿದೆಯೋ ಅದೇ ತೀರ್ಪು.

ನಮ್ಮ ಕನ್ನಡನಾಡಿಗೆ ಮಣಿಕಟ್ಟಿನ ವೈಭವ ಹೊಸದಲ್ಲ. ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ತಮ್ಮ ಮೊದಲ ಟೆಸ್ಟಿನಲ್ಲೇ ಶತಕ ಬಾರಿಸಿದರು; ಅವರ ಸ್ಕ್ವೇರ್ ಕಟ್ಟನ್ನು ನೆನೆದು ಇಂದಿಗೂ ಕಣ್ಣರಳಿಸುವವರಿದ್ದಾರೆ. ಪೋಲಿಯೊದಿಂದ ಸೊರಗಿದ ಬಲಗೈಯ ಬಿ.ಎಸ್. ಚಂದ್ರಶೇಖರ್ 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು ಉರುಳಿಸಿದರು. ಇಂಥ ಆಟಗಳನ್ನು ನೋಡುತ್ತ ಬೆಳೆದವನು ಗಾಲ್ಫ್ ಕೋಲನ್ನು ಹಿಡಿದಾಗ ಅವನ ಮಣಿಕಟ್ಟು ತನ್ನ ಹಳೆಯ ಚಳಕವನ್ನು ತೋರಿಸಲು ತವಕಿಸುತ್ತದೆ. ಕ್ರಿಕೆಟ್ಟಿನಲ್ಲಿ ಚೆಂಡು ಬರುತ್ತದೆ. ಅದು ಪುಟಿದ ಮೇಲೆ ಮಣಿಕಟ್ಟು ಕೊನೆಯ ನಿರ್ಣಯ ಮಾಡುತ್ತದೆ. ಗಾಲ್ಫಿನಲ್ಲಿ ಚೆಂಡು ಕಾಯುತ್ತಿರುತ್ತದೆ. ನಿರ್ಣಯ ಮೊದಲೇ ಆಗಿರಬೇಕು. ಅಲ್ಲಿ ಗುಣವಾದ ಚಾಪಲ್ಯ ಇಲ್ಲಿ ದೋಷವಾಗುತ್ತದೆ.

ಹಾಗಾದರೆ ವೇಗ ಎಲ್ಲಿಂದ ಬರಬೇಕು? ಹೊಲದಲ್ಲಿ ಹಕ್ಕಿ ಅಟ್ಟುವ ಕವಣೆಯನ್ನು ನೆನಪಿಸಿಕೊಳ್ಳಿ. ಕೈ ಸುತ್ತುತ್ತದೆ, ಹಗ್ಗ ಹಿಂದೆ ಹಿಂದೆಯೇ ಬರುತ್ತದೆ, ಕೊನೆಯಲ್ಲಿ ಕಲ್ಲು ಕೈಯನ್ನು ಮೀರಿದ ವೇಗದಿಂದ ಚಿಮ್ಮುತ್ತದೆ. ಗಾಲ್ಫಿನ ಬೀಸಿನಲ್ಲಿಯೂ ಸೊಂಟ ಮೊದಲು ತಿರುಗುತ್ತದೆ, ಬಳಿಕ ಭುಜ, ಬಳಿಕ ತೋಳು. ಎತ್ತಿಕೊಂಡ ಮಣಿಕಟ್ಟು ಬಹುಪಾಲು ದಾರಿ ಹಾಗೆಯೇ ಇದ್ದು, ಕೊನೆಗೆ ಕೋಲಿನ ತಲೆಯ ಸೆಳೆತಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಲವಂತವಾಗಿ ಮೊದಲೇ ಬಿಚ್ಚಿದರೆ ವೇಗವೆಲ್ಲ ದಾರಿಯಲ್ಲೇ ಖರ್ಚಾಗಿ ಚೆಂಡಿನ ಬಳಿಗೆ ಬರುವಾಗ ಕೈ ಬರಿದಾಗಿರುತ್ತದೆ.

ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ಅಲ್ಪ. ಒಂದು ಉದ್ದನೆಯ ಅಳತೆಪಟ್ಟಿಯನ್ನು ಎಡ ಮುಂಗೈಯ ಹಿಂಬದಿಯಲ್ಲಿ, ಕೈಗಡಿಯಾರದ ಪಟ್ಟಿಯ ಅಡಿಗೆ ಸಿಕ್ಕಿಸಿಕೊಳ್ಳಿ. ಸೊಂಟದ ಮಟ್ಟದಿಂದ ಸೊಂಟದ ಮಟ್ಟಕ್ಕೆ ನಿಧಾನವಾಗಿ ಕೋಲನ್ನು ಆಡಿಸಿ. ಮಣಿಕಟ್ಟು ಹಿಂದಕ್ಕೆ ಮಣಿದೊಡನೆ ಪಟ್ಟಿ ಹಸ್ತದ ಬೆನ್ನನ್ನು ಒತ್ತಿ ಎಚ್ಚರಿಸುತ್ತದೆ. ಕೈಗೆ 'ನಾನು ನೇರವಾಗಿದ್ದೇನೆ' ಎನಿಸುವುದಕ್ಕೂ ನಿಜವಾಗಿ ನೇರವಾಗಿರುವುದಕ್ಕೂ ಎಷ್ಟು ಅಂತರವಿದೆಯೆಂದು ಆಗ ತಿಳಿಯುತ್ತದೆ. ಮೊದಲು ಚೆಂಡಿಲ್ಲದೆ, ಬಳಿಕ ಸಣ್ಣ ಹೊಡೆತ, ಆಮೇಲೆ ಅರ್ಧ ಬೀಸು. ಪೂರ್ಣ ಬೀಸಿಗೆ ಅವಸರವಿಲ್ಲ. ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಒಂದಕ್ಕೆ ಕೊಕ್ಕೆಯಂಥ ಚಾಚು ಉಂಟು. ಹಿಡಿಯ ತುದಿ ಅಂಗೈಗೆ ಒತ್ತಿರುವಾಗ ಕೋಲು ಗಟ್ಟಿ ನೆಲಕ್ಕೆ ಬಡಿದರೆ ಆ ಚಾಚು ಮುರಿಯುವುದುಂಟು. ಕಿರುಬೆರಳಿನ ಕಡೆಯ ಅಂಗೈನೋವು ದಿನಗಟ್ಟಲೆ ಉಳಿದರೆ ಉಳುಕೆಂದು ತಿಕ್ಕುತ್ತ ಕೂರದೆ ವೈದ್ಯರಿಗೆ ತೋರಿಸುವುದು ವಿವೇಕ.

ಇದು ಶ್ರೀಮಂತರ ಆಟ, ನಮಗೇಕೆ ಈ ಮಣಿಕಟ್ಟಿನ ಮೀಮಾಂಸೆ ಎಂದು ಕೇಳುವವರಿಗೆ ಎರಡು ಹೆಸರುಗಳನ್ನು ಹೇಳಬೇಕು. ಬೆಂಗಳೂರಿನಲ್ಲಿ ಇತರರ ಕೋಲುಗಳ ಚೀಲ ಹೊರುವ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ಹಣ ತೆತ್ತು ಪಾಠ ಹೇಳಿಸಿಕೊಳ್ಳಲಾಗದವರಿಗೆ ನೋಡುವ ಕಣ್ಣೇ ಗುರು. ಹೊಡೆಯುವವನ ಪಕ್ಕದಲ್ಲಿ ದಿನವಿಡೀ ನಿಲ್ಲುವವನಿಗಿಂತ ಹೆಚ್ಚು ಮಣಿಕಟ್ಟುಗಳನ್ನು ಕಂಡವರು ಯಾರು? ಇನ್ನೊಬ್ಬರು 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ತಾಯಿಯೇ ಚೀಲ ಹೊತ್ತು ಜೊತೆಗಿರಲು, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಪಡೆದರು. ಬಹುದೂರ ಹೊಡೆಯುವವರ ನಡುವೆ ಆಕೆಯ ಹೊಡೆತಗಳು ಗಿಡ್ಡವೇ. ಆಕೆಯನ್ನು ಅಲ್ಲಿಯವರೆಗೆ ಕೊಂಡೊಯ್ದದ್ದು ಕುಳಿಯ ಹತ್ತಿರದ ಮೃದುವಾದ ತಳ್ಳುಹೊಡೆತ. ಮಣಿಕಟ್ಟು ಅಲುಗಾಡದೆ ಮೌನವಾಗಿರಬೇಕಾದ ಹೊಡೆತ.

ಕ್ಲಬ್ಬುಗಳ ಸದಸ್ಯತ್ವ ಎಲ್ಲರ ಕೈಗೆಟುಕುವುದಲ್ಲ. ನಗರದಲ್ಲಿ ಅಷ್ಟು ವಿಶಾಲವಾದ ಹಸುರು ಕೆಲವರ ಪಾಲಿಗಷ್ಟೇ ಇರಬೇಕೆ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ವಿದ್ಯೆಗೆ ಬೇಲಿಯಿಲ್ಲ. ಬಟ್ಟೆ ಕತ್ತರಿಸುವ ದರ್ಜಿಗೂ ವೀಣೆ ಮೀಟುವವರಿಗೂ ಅಕ್ಷರ ತಿದ್ದುವ ಮಗುವಿಗೂ ಇರುವ ಪಾಠ ಇದೇ: ಕೈಯನ್ನು ಸಡಿಲ ಬಿಡಬೇಕು, ಆದರೆ ಕೈ ಬಿಡಬಾರದು. ಆ ಎರಡರ ನಡುವಿನ ಜಾಗವನ್ನು ಬುದ್ಧಿ ಕ್ಷಣದಲ್ಲಿ ಒಪ್ಪುತ್ತದೆ. ಮಣಿಕಟ್ಟು ಒಪ್ಪಲು ವರ್ಷಗಳು ಹಿಡಿಯುತ್ತವೆ. ಆ ವರ್ಷಗಳನ್ನು ಬೇಸರವಿಲ್ಲದೆ ಕೊಡುವವನಿಗೆ ನಿಂತ ಚೆಂಡು ಒಂದು ದಿನ ನೇರವಾಗಿ ಹಾರುತ್ತದೆ.