ಮಿಕ್ಸಿ ತಾನಾಗಿ ನಿಂತರೆ ಬೇಸರ ಬೇಡ

(ಸಂಘದ ವಿದ್ಯಾರ್ಥಿ-ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು, ಕನ್ನಡ ಪಾಠ ಮಾಡುವ ನಾನು ವಿದ್ಯುತ್ ಉಪಕರಣಗಳ ಬಗ್ಗೆ ಮಾತನಾಡುವುದು ನಿಮಗೆ ಆಶ್ಚರ್ಯವೆನಿಸಬಹುದು. ನನಗೆ ಈ ಪಾಠ ಕಲಿಸಿದ್ದು ನಮ್ಮ ಮನೆಯ ಮಿಕ್ಸಿ.

ಒಂದು ರಮಝಾನ್ ತಿಂಗಳಲ್ಲಿ ಅಮ್ಮಿ ರೊಟ್ಟಿಗೆಂದು ನೆನೆಸಿದ ಕುಚ್ಚಲಕ್ಕಿಯನ್ನು ನೀರು ಕಡಿಮೆ ಹಾಕಿ ರುಬ್ಬುತ್ತಿದ್ದರು. ಮಿಕ್ಸಿ ಮತ್ತೆ ಮತ್ತೆ ನಿಲ್ಲುತ್ತಿತ್ತು. ರಿಪೇರಿಗೆ ಕೊಟ್ಟೆವು. "ಒಳಗಿನ ಸ್ವಿಚ್ ತೊಂದರೆ ಕೊಡುತ್ತಿತ್ತು, ಡೈರೆಕ್ಟ್ ಮಾಡಿದ್ದೇನೆ, ಇನ್ನು ನಿಲ್ಲುವುದಿಲ್ಲ" ಎಂದರು. ನಿಜವಾಗಿಯೂ ನಿಲ್ಲಲಿಲ್ಲ. ಕೆಲವು ವಾರಗಳ ನಂತರ ಒಂದು ಸಂಜೆ ಮೋಟಾರು ಸುಟ್ಟು ಅಡುಗೆಮನೆ ತುಂಬ ಹೊಗೆ ತುಂಬಿತು. ಅಲ್ಲಾಹನ ಕೃಪೆಯಿಂದ ಅಮ್ಮಿ ಹತ್ತಿರದಲ್ಲೇ ಇದ್ದು ಸ್ವಿಚ್ ಆರಿಸಿದರು. ನಾವು ದುಡ್ಡು ಕೊಟ್ಟು ತೆಗೆಸಿದ್ದು ನಮ್ಮ ಕಾವಲುಗಾರನನ್ನೇ ಎಂಬುದು ಆಗ ತಿಳಿಯಿತು.

ಈ ಕಾವಲುಗಾರ ಯಾರು? ಶಾಲೆಯಲ್ಲಿ ಓದಿದ ದ್ವಿಲೋಹ ಪಟ್ಟಿ ನೆನಪಿದೆಯೇ? ಎರಡು ಬೇರೆ ಬೇರೆ ಲೋಹದ ಪಟ್ಟಿಗಳನ್ನು ಒಂದಕ್ಕೊಂದು ಬೆಸೆದಿರುತ್ತಾರೆ. ಬಿಸಿಯಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆದ್ದರಿಂದ ಪಟ್ಟಿ ಬಾಗುತ್ತದೆ, ವಿದ್ಯುತ್ ಸಂಪರ್ಕ ಕಡಿಯುತ್ತದೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಗಡಿಯಾರಕ್ಕಾಗಿ ಬಳಸಿದ ಈ ಉಪಾಯವೇ ಇಂದು ನಮ್ಮ ಇಸ್ತ್ರಿಪೆಟ್ಟಿಗೆ, ಗೀಸರ್‌ಗಳಲ್ಲಿದೆ. ಅನ್ನದ ಎಲೆಕ್ಟ್ರಿಕ್ ಕುಕ್ಕರಿನಂಥವುಗಳಲ್ಲಿ ಥರ್ಮಲ್ ಫ್ಯೂಸ್ ಕೂಡ ಇರುತ್ತದೆ. ಅದು ಮಿತಿಮೀರಿದ ಶಾಖಕ್ಕೆ ಒಮ್ಮೆ ಸಂಪರ್ಕ ಕಡಿದರೆ ಮುಗಿಯಿತು, ಹೊಸದನ್ನೇ ಹಾಕಿಸಬೇಕು.

"ಮೀಟರ್ ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ, ಇದೇಕೆ ಬೇಕು?" ಎಂದು ಕೆಲವರು ಕೇಳುತ್ತಾರೆ. ಎಂಸಿಬಿ ನೋಡುವುದು ಕರೆಂಟನ್ನು, ಶಾಖವನ್ನಲ್ಲ. 1000 ವಾಟ್‌ನ ಇಸ್ತ್ರಿಪೆಟ್ಟಿಗೆ 230 ವೋಲ್ಟ್‌ನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಥರ್ಮೋಸ್ಟಾಟ್ ಕೆಟ್ಟು ಅದು ಕೆಂಡದಂತೆ ಕಾದರೂ ಎಳೆಯುವುದು ಹೆಚ್ಚುಕಡಿಮೆ ಅಷ್ಟೇ. ಬಟ್ಟೆ ಸುಟ್ಟರೂ ಎಂಸಿಬಿಗೆ ಗೊತ್ತಾಗದು. ಗೀಸರಿನಲ್ಲೂ ಹಾಗೆಯೇ. ಥರ್ಮೋಸ್ಟಾಟ್ ಕೈಕೊಟ್ಟರೆ ನೀರು ಕುದಿದು ಒತ್ತಡ ಏರುತ್ತದೆ, ಟ್ಯಾಂಕ್ ಒಡೆಯುವ ಭಯವೂ ಇದೆ. ಅದಕ್ಕಾಗಿಯೇ ಅಲ್ಲಿ ಕಟೌಟ್, ಒತ್ತಡ ಬಿಡುವ ವಾಲ್ವ್ ಎರಡನ್ನೂ ಇಟ್ಟಿರುತ್ತಾರೆ.

ಮಿಕ್ಸಿ ನಿಂತರೆ ಏನು ಮಾಡಬೇಕು? ಮೊದಲು ಪ್ಲಗ್ ತೆಗೆಯಿರಿ. ಜಾರಿನಲ್ಲಿರುವುದನ್ನು ಅರ್ಧ ಮಾಡಿ, ಸ್ವಲ್ಪ ನೀರು ಸೇರಿಸಿ. ಮೋಟಾರು ಚೆನ್ನಾಗಿ ತಣ್ಣಗಾದ ಮೇಲೆ ಅಡಿಭಾಗದ ಚಿಕ್ಕ ಗುಂಡಿಯನ್ನು ಒತ್ತಿರಿ. ಹೆಚ್ಚಿನ ಮಿಕ್ಸಿಗಳಲ್ಲಿ ಅದು ಕೆಂಪಾಗಿರುತ್ತದೆ. ವೋಲ್ಟೇಜ್ ತೀರಾ ಇಳಿದಿರುವಾಗ ಗಟ್ಟಿ ಹಿಟ್ಟು ರುಬ್ಬಬೇಡಿ. ಮೋಟಾರು ತಿರುಗಲು ತಿಣುಕಿದಷ್ಟೂ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ. ಪದೇ ಪದೇ ನಿಂತರೆ ರಿಪೇರಿ ಮಾಡಿಸಿ, ಆದರೆ "ಡೈರೆಕ್ಟ್" ಮಾಡಲು ಒಪ್ಪಬೇಡಿ. ಕೆಟ್ಟ ಸ್ವಿಚ್ಚಿನ ಜಾಗಕ್ಕೆ ಅದೇ ಅಳತೆಯ ಹೊಸ ಸ್ವಿಚ್ಚನ್ನೇ ಕೇಳಿ ಹಾಕಿಸಿ.

ಮಣಿಪಾಲದಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳಿಗೆ ಇನ್ನೊಂದು ಮಾತು. ಬಕೆಟ್ಟಿನಲ್ಲಿ ಇಳಿಬಿಡುವ ಸಾಮಾನ್ಯ ಹೀಟರ್ ರಾಡಿನಲ್ಲಿ ಇಂಥ ಕಾವಲುಗಾರ ಇರುವುದಿಲ್ಲ. ಅಲ್ಲಿ ಕಾವಲುಗಾರರು ನೀವೇ. ಸ್ವಿಚ್ ಹಾಕಿ ಪಾಠಕ್ಕೆ ಕೂರಬೇಡಿ, ಸ್ವಿಚ್ ಆರಿಸಿ ಪ್ಲಗ್ ತೆಗೆಯದೆ ನೀರು ಮುಟ್ಟಬೇಡಿ.

ಮಲಗುವ ಮುನ್ನ ದೀಪವನ್ನೂ ಬೆಂಕಿಯನ್ನೂ ಆರಿಸಬೇಕೆಂದು ನಮ್ಮ ಪ್ರವಾದಿಯವರು (ಸ) ಕಲಿಸಿದ್ದಾರೆ. ಇಂದು ನಮ್ಮ ಮನೆಯ ಬೆಂಕಿ ತಂತಿಯೊಳಗೆ ಅಡಗಿದೆ, ಅಷ್ಟೇ ವ್ಯತ್ಯಾಸ. ಈ ರಾತ್ರಿ ಮನೆಗೆ ಹೋದ ಮೇಲೆ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬೇಕು. ಪ್ಲಗ್ ತೆಗೆದು, ಮಿಕ್ಸಿಯನ್ನು ಮಗುಚಿ, ಆ ಗುಂಡಿ ಎಲ್ಲಿದೆಯೆಂದು ತಾಯಿಗೆ ತೋರಿಸಿ. ನಮ್ಮ ಓದು ಮನೆಗೆ ಉಪಯೋಗವಾಗುವುದು ಹೀಗೆಯೇ.