ಮೂತಿಯ ತಪ್ಪಿಗೆ ಬಾಲದ ಮದ್ದು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೂ ವಿಮಾನಕ್ಕೂ ಎಲ್ಲಿಯ ನಂಟು ಎಂದು ತಾವು ಕೇಳಬಹುದು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ತರಬೇತಿ ವಿಮಾನದ ಹೆಸರನ್ನು ಹಿರಿಯರು ಕೇಳಿರಬಹುದು. ಅದರ ಕಾಲು ಭಾಗದ ಅಳತೆಯ ಮಾದರಿಯೊಂದನ್ನು ನಾವು ಮೂವರು ಗೆಳೆಯರು ಈ ಪುಣೆಯ ಬಾಡಿಗೆ ಮನೆಯಲ್ಲಿ ಎರಡು ವರ್ಷದ ಭಾನುವಾರಗಳನ್ನು ಸುರಿದು ಕಟ್ಟಿದೆವು. ರೆಕ್ಕೆಯ ಉದ್ದ ಸುಮಾರು 2.7 ಮೀಟರ್, ಮೂತಿಯಲ್ಲಿ 50 ಸಿ.ಸಿ. ಪೆಟ್ರೋಲ್ ಎಂಜಿನ್; ನಡೆಸುವುದು ನೆಲದ ಮೇಲೆ ನಿಂತು, ರೇಡಿಯೋ ಮೂಲಕ.

ಎಂಜಿನ್ನನ್ನು ದಾರ ಹಿಡಿದು ನೋಡಿ ನೆಟ್ಟಗೆ ಕೂರಿಸಿದ್ದೆವು. ಮೊದಲ ಹಾರಾಟದಲ್ಲೇ ವಿಮಾನ ಎಡಕ್ಕೆ ಎಳೆಯಿತು. ಬಾಲದ ಚುಕ್ಕಾಣಿಯನ್ನು ಕೊಂಚ ಬಲಕ್ಕೆ ತಿರುಗಿಸಿ ಇಟ್ಟೆವು, ಸರಿಹೋಯಿತು. ನಾವೂ ಬೀಗಿದೆವು.

ಇಳಿಸುವ ಹೊತ್ತಿಗೆ ಬಯಲಿನಲ್ಲಿ ನಾಯಿಯೊಂದು ಅಡ್ಡ ಬಂತು. ಮತ್ತೆ ಮೇಲೇರಿಸಲೆಂದು ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟೆವು. ವಿಮಾನ ಥಟ್ಟನೆ ಎಡಕ್ಕೆ ಹೊರಳಿ, ರೆಕ್ಕೆ ಕೆಡವಿ, ನಮ್ಮ ಮಕ್ಕಳು ಕುಳಿತಿದ್ದ ಬೇವಿನ ಮರದ ಕಡೆಗೆ ನುಗ್ಗಿತು. ಹತ್ತು ಮಾರು ಈಚೆಗೆ ನೆಲಕ್ಕೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆ ರಾತ್ರಿ ಮಾತ್ರ ನಮಗೆ ಅನ್ನ ಇಳಿಯಲಿಲ್ಲ.

ತಪ್ಪೆಲ್ಲಿ? ವಿಮಾನದಲ್ಲಿ ಕುಳಿತವನ ಕಣ್ಣಿನಿಂದ ನೋಡಿದರೆ ಪ್ರೊಪೆಲರ್ ಬಲಸುತ್ತಾಗಿ ತಿರುಗುತ್ತದೆ. ಅದಕ್ಕೆ ಎದುರಾಗಿ ಒಡಲು ಎಡಕ್ಕೆ ಹೊರಳಲು ನೋಡುತ್ತದೆ. ಪ್ರೊಪೆಲರ್ ತಳ್ಳಿದ ಗಾಳಿ ಒಡಲನ್ನು ಸುತ್ತಿಕೊಂಡು ಹೋಗಿ ಬಾಲದ ಎಡಮಗ್ಗುಲನ್ನು ನೂಕುತ್ತದೆ. ಮೂತಿ ಎಡಕ್ಕೆ ತಿರುಗುತ್ತದೆ. ಮೂತಿ ಎತ್ತಿ ನಿಧಾನವಾಗಿ ಹೋಗುವಾಗ, ಬಲಗಡೆ ಕೆಳಗಿಳಿಯುವ ಅಲಗಿನ ಎಳೆತ ಹೆಚ್ಚಾಗಿ, ಮತ್ತೆ ಎಡಕ್ಕೇ. ಇವೆಲ್ಲ ಪೂರ್ಣ ಬಲದಲ್ಲಿ, ಕಡಿಮೆ ವೇಗದಲ್ಲಿ ಉಗ್ರ. ಬಾಲದ ತಿದ್ದುಪಡಿಯೋ, ಒಂದು ವೇಗಕ್ಕೆ ಮಾತ್ರ ಸರಿ. ರೈಟ್ ಸೋದರರು 1903ರಲ್ಲಿ ಎರಡು ಪ್ರೊಪೆಲರ್ ಇಟ್ಟು, ಒಂದರ ಸರಪಳಿಯನ್ನು ಅಡ್ಡಹಾಯಿಸಿ, ಒಂದಕ್ಕೊಂದು ಎದುರಾಗಿ ತಿರುಗಿಸಿದರು. ಸೆಳೆತ ಸೆಳೆತಕ್ಕೆ ವಜಾ ಆಯಿತು. ಒಂದೇ ಪ್ರೊಪೆಲರ್ ಇರುವ ನಾವು ಎಂಜಿನ್ನನ್ನೇ ತುಸು ಬಲಕ್ಕೆ ಓರೆ ಮಾಡಬೇಕು. ಆಗ ಎಂಜಿನ್ನಿನ ಬಲ ಹೆಚ್ಚಿದಂತೆ ಮದ್ದೂ ಹೆಚ್ಚುತ್ತದೆ.

ಆರಂಭಕ್ಕೆ 2 ಡಿಗ್ರಿ ಸಾಕು. ಬೋಲ್ಟುಗಳ ನಡುವೆ 60 ಮಿಲಿಮೀಟರ್ ಅಂತರವಿದ್ದರೆ, ಎಡಗಡೆಯ ಬೋಲ್ಟುಗಳಲ್ಲಿ ಎಂಜಿನ್ನಿನ ಹಿಂದೆ ಸುಮಾರು 2 ಮಿಲಿಮೀಟರ್ ದಪ್ಪದ ವಾಷರ್ ಇಟ್ಟರಾಯಿತು. ಆದರೆ ಪ್ಲೈವುಡ್ ಗೋಡೆಯಿಂದ ಪ್ರೊಪೆಲರಿಗೆ 150 ಮಿಲಿಮೀಟರ್ ಇದ್ದರೆ, ತುದಿ 5 ಮಿಲಿಮೀಟರ್ ಬಲಕ್ಕೆ ಸರಿಯುತ್ತದೆ. ಮೂತಿ ನಡುವಿನಲ್ಲೇ ಉಳಿಯಬೇಕಾದರೆ ಬೋಲ್ಟಿನ ತೂತುಗಳನ್ನೇ ಅಷ್ಟು ಎಡಕ್ಕೆ ಕೊರೆಯಬೇಕು. ಬಲ ಕೊಟ್ಟಾಗ ಮೂತಿ ಮೇಲೇಳುವ ವಿಮಾನಕ್ಕೆ, ಮುಖ್ಯವಾಗಿ ರೆಕ್ಕೆ ಒಡಲಿನ ಮೇಲಿರುವಂಥದಕ್ಕೆ, ಮೇಲಿನ ಬೋಲ್ಟುಗಳಿಗೂ ವಾಷರ್ ಕೊಟ್ಟು ಎಂಜಿನ್ನನ್ನು ತುಸು ಕೆಳಮುಖ ಮಾಡುವುದುಂಟು. ಪೆಟ್ರೋಲ್ ಎಂಜಿನ್ನಿನ ನಡುಕ ಬೋಲ್ಟನ್ನು ಸಡಿಲಿಸೀತು. ಮರೆಗೆ ಅಂಟು ಹಾಕಿ ಬಿಗಿಯಬೇಕು, ಪ್ರತಿ ಹಾರಾಟಕ್ಕೂ ಮುನ್ನ ಗೋಡೆಯಲ್ಲಿ ಬಿರುಕು ಹುಡುಕಬೇಕು. ಕೊನೆಗೆ ಚುಕ್ಕಾಣಿಯನ್ನು ನಡುವಿಗೆ ತಂದು, ಪೂರ್ಣ ಬಲದಲ್ಲಿ ಕಡಿದಾಗಿ ಏರಿಸಿ ನೋಡುವುದು. ಇನ್ನೂ ಎಡಕ್ಕೆ ಎಳೆದರೆ ಅರ್ಧ ಡಿಗ್ರಿ ಹೆಚ್ಚು; ಬಲಕ್ಕೆ ಎಳೆದರೆ ಅರ್ಧ ಡಿಗ್ರಿ ಕಡಿಮೆ.

ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಸಂಜೆ ಮನೆಗೆ ಹೋಗಬಹುದು. ತಪ್ಪು ಇದ್ದಲ್ಲೇ ಇರುತ್ತದೆ. ಹಗಲೆಲ್ಲ ಇದನ್ನು ಬಲ್ಲ ನಾವು ಬಯಲಿನಲ್ಲಿ ಮರೆತೆವು. ಈಗ ಆ ವಿಮಾನ ಮತ್ತೆ ಹಾರುತ್ತಿದೆ, ಓರೆ ಮೂತಿಯಿಂದ ನೇರವಾಗಿ. ಮಕ್ಕಳು ಮಾತ್ರ ಬೇವಿನ ಮರದಡಿ ಅಲ್ಲ, ನಮ್ಮ ಬೆನ್ನ ಹಿಂದೆ, ದೂರದಲ್ಲಿ ಕೂರುತ್ತಾರೆ. ತಮ್ಮ ಮಕ್ಕಳನ್ನೂ ಒಂದು ಭಾನುವಾರ ಕರೆತನ್ನಿ. ವಾಷರ್ ಇಡುವ ಕೆಲಸಕ್ಕೆ ಸಣ್ಣ ಬೆರಳುಗಳೇ ಮೇಲು.